ಪ್ರವಾಸಿಗರನ್ನೇ ನಂಬಿದ ದ್ವೀಪಗಳು: ಒಂದು ಅಪರಾಧದ ಖರ್ಚು ಯಾರ ಲೆಕ್ಕಕ್ಕೆ?

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುವ ಪರಿಚಯದವರೊಬ್ಬರ ಅಂಗಡಿಯಲ್ಲಿ ಕಳೆದ ಮದುವೆ ಸೀಸನ್ನಿನಲ್ಲಿ ಅರ್ಧ ಗಂಟೆ ಕೂತಿದ್ದೆ. ತೀರ್ಥಹಳ್ಳಿ ಕಡೆಯ ಅಪ್ಪ-ಮಗ ಬಂದರು. ಮಗನಿಗೆ ಮದುವೆ ನಿಶ್ಚಯವಾಗಿತ್ತು. ಮಾರಿಷಸ್, ಬಾಲಿ, ಶ್ರೀಲಂಕಾ ಎಂದು ಮೂರು ಪ್ಯಾಕೇಜುಗಳ ಹಾಳೆಗಳನ್ನು ಟೇಬಲ್ಲಿನ ಮೇಲೆ ಹರಡಿಕೊಂಡು ಮಗ ದರ ಹೋಲಿಸುತ್ತಿದ್ದರೆ, ಅಪ್ಪ ಆ ಹಾಳೆಗಳನ್ನು ಮುಟ್ಟಲೂ ಇಲ್ಲ. ಅವರು ಕೇಳಿದ್ದು ಒಂದೇ ಮಾತು: “ಅಲ್ಲಿ ಗಲಾಟೆ ಗಿಲಾಟೆ ಏನೂ ಇಲ್ಲ ಅಲ್ವಾ ಮಾರಾಯ್ರೆ?” ಅವರು ಎದ್ದು ಹೋದ ಮೇಲೆ ಏಜೆಂಟರು ನನ್ನ ಕಡೆ ತಿರುಗಿದರು. “ಮುಂಚೆ ಎಲ್ರೂ ಮೊದಲು ರೇಟ್ ಕೇಳ್ತಿದ್ರು. ಈಗ ಇದನ್ನ ಕೇಳಿ, ಆಮೇಲೆ ರೇಟಿಗೆ ಬರ್ತಾರೆ.”

ಆ ಪ್ರಶ್ನೆಗೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು ಕೊಂದ 26 ಜನರಲ್ಲಿ ಶಿವಮೊಗ್ಗದವರೊಬ್ಬರೂ ಇದ್ದರು. ಅದಕ್ಕೆ ಒಂದೂವರೆ ತಿಂಗಳ ಮುಂಚೆ, ಮಾರ್ಚ್ 6ರ ರಾತ್ರಿ, ಹಂಪಿಯ ಆಚೆ ದಡದ ಸಣಾಪುರದಲ್ಲಿ ಕಾಲುವೆಯ ಪಕ್ಕ ಕೂತಿದ್ದ ಪ್ರವಾಸಿಗರ ಮೇಲೆ ದಾಳಿಯಾಗಿ, ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆದು, ಕಾಲುವೆಗೆ ದೂಡಲ್ಪಟ್ಟವರಲ್ಲಿ ಒಬ್ಬ ಯುವಕ ಸತ್ತಿದ್ದ. ಪಹಲ್ಗಾಮ್ ಘಟನೆಯ ಬೆನ್ನಿಗೆ ಕಾಶ್ಮೀರದ 87 ಪ್ರವಾಸಿ ತಾಣಗಳಲ್ಲಿ 48ನ್ನು ಸರ್ಕಾರವೇ ಮುಚ್ಚಿತು. ಸಣಾಪುರ, ಆನೆಗೊಂದಿ ಭಾಗದ ಹೋಂಸ್ಟೇಗಳಿಂದ ಪ್ರವಾಸಿಗರು ಗಂಟು ಕಟ್ಟಿ ಹೊರಟ ಸುದ್ದಿಯನ್ನು ನಾವೆಲ್ಲ ಓದಿದೆವು. ಜೋಗ, ಆಗುಂಬೆ, ಸಿಗಂದೂರು ರಸ್ತೆಗಳ ಉದ್ದಕ್ಕೂ ಹೋಂಸ್ಟೇ ಫಲಕಗಳು ಏಳುತ್ತಿರುವ ಈ ಹೊತ್ತಿನಲ್ಲಿ, ಅಪರಾಧಕ್ಕೂ ಪ್ರವಾಸೋದ್ಯಮದ ಹಣಕ್ಕೂ ಇರುವ ನಂಟು ಮಲೆನಾಡಿನವರಿಗೂ ಬರೀ ಕುತೂಹಲದ ವಿಷಯವಲ್ಲ.

ಈ ನಂಟನ್ನು ಸ್ಪಷ್ಟವಾಗಿ ನೋಡಬೇಕಾದರೆ ದ್ವೀಪಗಳನ್ನು ನೋಡಬೇಕು. ಹಂಪಿಗೆ ಜನ ಬಾರದಿದ್ದರೆ ಕರ್ನಾಟಕದ ಬೊಕ್ಕಸ ಬರಿದಾಗುವುದಿಲ್ಲ. ಪ್ರವಾಸಿಗರೇ ಜೀವಾಳವಾಗಿರುವ ದ್ವೀಪಕ್ಕೆ ಅಂಥ ಅನುಕೂಲವಿಲ್ಲ.

ಒಂದೇ ಬೆಳೆಯ ತೋಟ

ಒಂದು ದೇಶದಲ್ಲಿ ವರ್ಷವಿಡೀ ಉತ್ಪಾದನೆಯಾಗುವ ಸರಕು ಮತ್ತು ಸೇವೆಗಳ ಒಟ್ಟು ಬೆಲೆಗೆ ಜಿಡಿಪಿ, ಅಂದರೆ ಒಟ್ಟು ದೇಶೀಯ ಉತ್ಪನ್ನ ಎನ್ನುತ್ತಾರೆ. ಅದರ ದೊಡ್ಡ ಪಾಲು ಪ್ರವಾಸಿಗರ ಖರ್ಚಿನಿಂದಲೇ ಬರುವ ದ್ವೀಪಗಳನ್ನು ಪ್ರವಾಸೋದ್ಯಮ ಅವಲಂಬಿತ ದ್ವೀಪಗಳೆಂದು ಕರೆಯುತ್ತಾರೆ. ಮಾಲ್ಡೀವ್ಸ್‌ನ ಜಿಡಿಪಿಯಲ್ಲಿ ನೇರವಾಗಿಯೇ ಸುಮಾರು ಕಾಲು ಭಾಗ ಪ್ರವಾಸೋದ್ಯಮದ್ದು. ಕೆರಿಬಿಯನ್ ಸಮುದ್ರದ ಅರೂಬಾ, ಅದರ ಉತ್ತರಕ್ಕಿರುವ ಬಹಾಮಾಸ್‌ನಂಥ ಕಡೆ, ಹೋಟೆಲ್ಲಿಗೆ ಸೊಪ್ಪು ತರಕಾರಿ ಹಾಕುವವರಿಂದ ಟ್ಯಾಕ್ಸಿ ಓಡಿಸುವವರ ತನಕ ಸುತ್ತುಬಳಸಿ ಬರುವ ಆದಾಯವನ್ನೂ ಸೇರಿಸಿದರೆ, ಅರ್ಥವ್ಯವಸ್ಥೆಯ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಪಾಲು ಅದರದ್ದೇ ಆಗುತ್ತದೆ.

ಅಡಿಕೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳೆರೋಗ ಬಂದೋ ಎಲೆಚುಕ್ಕೆ ರೋಗ ಬಂದೋ ಫಸಲು ಹೋದ ವರ್ಷ ನಷ್ಟ ತೋಟದ ಯಜಮಾನನೊಬ್ಬನಿಗೇ ಆಗುವುದಿಲ್ಲ. ಕೊನೆ ಕೊಯ್ಯುವವನಿಗೆ ಕೆಲಸವಿಲ್ಲ, ಸುಲಿಯಲು ಬರುವ ಹೆಂಗಸರಿಗೆ ಕೂಲಿಯಿಲ್ಲ, ಮಂಡಿಯಲ್ಲಿ ಹಮಾಲರಿಗೆ ಮೂಟೆಯಿಲ್ಲ, ಊರಿನ ಕಿರಾಣಿ ಅಂಗಡಿಯ ಸಾಲದ ಪುಸ್ತಕ ದಪ್ಪವಾಗುತ್ತದೆ, ಆ ವರ್ಷ ಆಗಬೇಕಿದ್ದ ಮದುವೆ ಮುಂದಕ್ಕೆ ಹೋಗುತ್ತದೆ. ಒಬ್ಬರ ಖರ್ಚು ಇನ್ನೊಬ್ಬರ ಆದಾಯವಾಗುತ್ತ ಹೋಗುವ ಈ ಸರಪಳಿಗೆ ಅರ್ಥಶಾಸ್ತ್ರಜ್ಞರು ಗುಣಕ ಪರಿಣಾಮ ಎನ್ನುತ್ತಾರೆ. ಹಣ ಬರುವಾಗ ಸರಪಳಿ ಹೇಗೆ ಕೈಯಿಂದ ಕೈಗೆ ದಾಟಿಸುತ್ತದೋ, ನಿಂತಾಗಲೂ ಹಾಗೆಯೇ ಕೈಯಿಂದ ಕೈಗೆ ಬರಿದುಮಾಡುತ್ತದೆ.

ದ್ವೀಪದ ಇನ್ನೊಂದು ಲಕ್ಷಣ ಬಾಗಿಲು. ಲಿಂಗನಮಕ್ಕಿ ಜಲಾಶಯದ ಹಿನ್ನೀರಿನಾಚೆಯ ತುಮರಿ ಭಾಗ, 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವ ತನಕ, ಆರು ದಶಕ ಹೆಚ್ಚುಕಡಿಮೆ ದ್ವೀಪದಂತೆಯೇ ಬದುಕಿತು. ಅಕ್ಕಿ, ಸಿಮೆಂಟು, ಸಿಗಂದೂರಿನ ಭಕ್ತರು, ಹೆರಿಗೆಗೆ ಹೊರಟ ಬಸುರಿ, ಎಲ್ಲವೂ ಎಲ್ಲರೂ ಲಾಂಚನ್ನೇ ಹತ್ತಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹೊಸನಗರದ ಕಡೆಯಿಂದ ಸುತ್ತಿ ಬರಬೇಕಿತ್ತು. ನಿಜವಾದ ದ್ವೀಪಕ್ಕೆ ಆ ಸುತ್ತು ದಾರಿಯೂ ಇಲ್ಲ. ಒಂದು ವಿಮಾನ ನಿಲ್ದಾಣ, ಒಂದು ಬಂದರು, ಅಷ್ಟೇ. ಪ್ರವಾಸಿಗರು ಬರುವ ಬಾಗಿಲೂ ಅದೇ, ಅವರು ತಂದ ಡಾಲರಿನಲ್ಲಿ ಕೊಂಡ ಗೋಧಿ, ಪೆಟ್ರೋಲು, ಔಷಧಿ ಬರುವ ಬಾಗಿಲೂ ಅದೇ. ಹೀಗಾಗಿ ಪ್ರವಾಸಿಗರ ಸಂಖ್ಯೆ ಇಳಿಯಿತೆಂದರೆ ಹೋಟೆಲ್ ಮಾಲೀಕರ ಲಾಭದ ಜೊತೆಗೆ ಇಡೀ ದೇಶ ಆಮದಿಗೆ ತೆರುವ ವಿದೇಶಿ ವಿನಿಮಯವೂ ಇಳಿಯುತ್ತದೆ.

ದಾಸ್ತಾನು ಮಾಡಲಾಗದ ಸರಕು

ಅಡಿಕೆಯ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಧಾರಣೆ ಬಿದ್ದರೆ ಒಣಗಿಸಿದ ಅಡಿಕೆಯನ್ನು ಚೀಲದಲ್ಲಿ ಕಟ್ಟಿಟ್ಟು ಮುಂದಿನ ತಿಂಗಳ ತನಕ, ಕೈಯಲ್ಲಿ ಕಾಸಿದ್ದವರು ಮುಂದಿನ ವರ್ಷದ ತನಕವೂ ಕಾಯಬಹುದು. ಹೋಟೆಲ್ ಕೋಣೆ ಹಾಗಲ್ಲ, ಅದು ಡೇರಿಗೆ ಹಾಕುವ ಹಾಲಿನಂತೆ. ನಿನ್ನೆ ರಾತ್ರಿ ಖಾಲಿ ಬಿದ್ದ ಕೋಣೆಯನ್ನು ಇವತ್ತು ಎರಡು ಸಲ ಮಾರಲು ಬರುವುದಿಲ್ಲ. ಬ್ಯಾಂಕಿನ ಕಂತು, ಸಿಬ್ಬಂದಿಯ ಸಂಬಳ, ಜನರೇಟರಿನ ಡೀಸೆಲ್ ಮಾತ್ರ ಕೋಣೆ ತುಂಬಿದರೂ ಖಾಲಿಯಿದ್ದರೂ ಅಷ್ಟೇ ಇರುತ್ತವೆ. ಜೊತೆಗೆ, ಬಹುತೇಕ ದ್ವೀಪಗಳು ವರ್ಷದ ಸಂಪಾದನೆಯ ದೊಡ್ಡ ಪಾಲನ್ನು ನಾಲ್ಕೈದು ತಿಂಗಳ ಸೀಸನ್ನಿನಲ್ಲೇ ಮಾಡಿಕೊಳ್ಳಬೇಕು. ಕೆರಿಬಿಯನ್‌ಗೆ ಅದು ಡಿಸೆಂಬರಿನಿಂದ ಏಪ್ರಿಲ್. ನವೆಂಬರಿನಲ್ಲಿ ನಡೆದ ಅಪರಾಧಕ್ಕೂ ಮೇ ತಿಂಗಳಲ್ಲಿ ನಡೆದ ಅಪರಾಧಕ್ಕೂ ಹಣದ ಲೆಕ್ಕದಲ್ಲಿ ವ್ಯತ್ಯಾಸ ಬೀಳುವುದು ಇದರಿಂದ.

ಒಮ್ಮೆಲೇ ಒಡೆಯುವ ಏರಿ, ಒಳಗೊಳಗೇ ಸೋರುವ ಕೆರೆ

ಎಲ್ಲ ಅಪರಾಧವೂ ಒಂದೇ ಬಗೆಯ ಪೆಟ್ಟು ಕೊಡುವುದಿಲ್ಲ. ಒಂದು ಬಗೆ, ಕೆರೆಯ ಏರಿ ಒಡೆದಂತೆ ಒಮ್ಮೆಲೇ ಬರುವಂಥದ್ದು. ಇಂಡೊನೇಷ್ಯಾದ ಬಾಲಿ ದ್ವೀಪದ ಕೂಟಾದಲ್ಲಿ 2002ರ ಅಕ್ಟೋಬರ್ 12ರ ರಾತ್ರಿ ನಡೆದ ಬಾಂಬ್ ಸ್ಫೋಟಗಳಲ್ಲಿ 202 ಜನ ಸತ್ತರು. ಅವರಲ್ಲಿ 88 ಮಂದಿ ಆಸ್ಟ್ರೇಲಿಯಾದವರು. 2001ರಲ್ಲಿ ಸುಮಾರು 13.5 ಲಕ್ಷ ವಿದೇಶಿಯರು ನೇರವಾಗಿ ಬಾಲಿಗೆ ಬಂದಿಳಿದಿದ್ದರೆ, 2003ರಲ್ಲಿ ಆ ಸಂಖ್ಯೆ 10 ಲಕ್ಷಕ್ಕಿಂತ ಕೆಳಗಿಳಿಯಿತು. ಶ್ರೀಲಂಕಾದಲ್ಲಿ 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ಚರ್ಚುಗಳಲ್ಲೂ ಕೊಲಂಬೊದ ಐಷಾರಾಮಿ ಹೋಟೆಲುಗಳಲ್ಲೂ ನಡೆದ ಆತ್ಮಾಹುತಿ ದಾಳಿಗಳು 250ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡವು. ಲೋಕಸಭಾ ಚುನಾವಣೆಯ ಮತದಾನ ಮುಗಿಸಿ ನಾಲ್ಕು ದಿನ ವಿಶ್ರಾಂತಿಗೆಂದು ಹೋಗಿದ್ದ ಕರ್ನಾಟಕದವರೂ ಸತ್ತವರಲ್ಲಿದ್ದರು. ಹಿಂದಿನ ವರ್ಷದ ಮೇ ತಿಂಗಳಲ್ಲಿ 1,29,466 ಪ್ರವಾಸಿಗರನ್ನು ಕಂಡಿದ್ದ ಆ ದೇಶ 2019ರ ಮೇ ತಿಂಗಳಲ್ಲಿ ಕಂಡದ್ದು 37,802 ಜನರನ್ನು.

ಇನ್ನೊಂದು ಬಗೆಯಲ್ಲಿ ಒಬ್ಬಿಬ್ಬರ ಮೇಲಿನ ಅಪರಾಧವೇ ಜಗತ್ತಿನ ಸುದ್ದಿಯಾಗುತ್ತದೆ. 2005ರ ಮೇ ತಿಂಗಳಲ್ಲಿ ಅರೂಬಾಕ್ಕೆ ಶಾಲಾ ಗೆಳೆಯರೊಂದಿಗೆ ಹೋಗಿದ್ದ ಅಮೆರಿಕದ ಹದಿನೆಂಟರ ಹುಡುಗಿಯೊಬ್ಬಳು ಕಾಣೆಯಾದಳು. ತಿಂಗಳುಗಟ್ಟಲೆ ಅಮೆರಿಕದ ಟೀವಿ ವಾಹಿನಿಗಳಲ್ಲಿ ಅದೇ ಸುದ್ದಿ. ಆಕೆಯ ತವರಾದ ಅಲಬಾಮಾ ರಾಜ್ಯದ ಗವರ್ನರ್ ಅದೇ ನವೆಂಬರಿನಲ್ಲಿ ಅರೂಬಾ ಪ್ರವಾಸವನ್ನೇ ಬಹಿಷ್ಕರಿಸಬೇಕೆಂದು ಕರೆ ಕೊಟ್ಟರು. ತನ್ನ ಪ್ರವಾಸಿಗರಲ್ಲಿ ಬಹುಪಾಲು ಅಮೆರಿಕದವರೇ ಆಗಿರುವ ಒಂದು ಪುಟ್ಟ ದ್ವೀಪಕ್ಕೆ ಇದರ ಅರ್ಥವೇನೆಂದು ಊಹಿಸಬಹುದು. ಮಾರಿಷಸ್‌ನಲ್ಲಿ 2011ರ ಜನವರಿಯಲ್ಲಿ ಮಧುಚಂದ್ರಕ್ಕೆ ಬಂದಿದ್ದ ಐರ್ಲೆಂಡಿನ ನವವಧುವಿನ ಕೊಲೆ ಹೋಟೆಲ್ ಕೋಣೆಯಲ್ಲೇ ನಡೆಯಿತು. ಆರೋಪ ಹೊತ್ತಿದ್ದ ಇಬ್ಬರು ಹೋಟೆಲ್ ನೌಕರರು ಮರುವರ್ಷ ಖುಲಾಸೆಯಾದರು. ಆ ಹೋಟೆಲಿಗೆ ಆಮೇಲೆ ಬೇರೆ ಹೆಸರು ಬಂತು. ಮಧುಚಂದ್ರದ ಚಿತ್ರ ತೋರಿಸಿಯೇ ಜನರನ್ನು ಕರೆಯುವ ದ್ವೀಪಕ್ಕೆ ಇದಕ್ಕಿಂತ ಕೆಟ್ಟ ಸುದ್ದಿ ಬೇರೆ ಇರಲಾರದು.

ಮೂರನೆಯದು, ಪ್ರವಾಸಿಗರ ಕಣ್ಣಿಗೆ ಬೀಳದೆ ಊರವರ ನಡುವೆಯೇ ನಡೆಯುವ ಹಿಂಸೆ. ಇದಕ್ಕೆ ಜಮೈಕಾವನ್ನು ನೋಡಬೇಕು. ಅಲ್ಲಿ 2017ರಲ್ಲಿ 1,600ಕ್ಕೂ ಹೆಚ್ಚು ಕೊಲೆಗಳಾದವು. ಲಕ್ಷ ಜನಸಂಖ್ಯೆಗೆ ಲೆಕ್ಕ ಹಾಕಿದರೆ ಐವತ್ತಕ್ಕೂ ಹೆಚ್ಚು. ಭಾರತದಲ್ಲಿ ಈ ಪ್ರಮಾಣ ಎರಡು ಮೂರರ ಆಸುಪಾಸು. ಪ್ರವಾಸಿಗರು ಬಂದಿಳಿಯುವ ಮಾಂಟೆಗೊ ಬೇ ಪಟ್ಟಣವಿರುವ ಸೇಂಟ್ ಜೇಮ್ಸ್ ಜಿಲ್ಲೆಯೊಂದರಲ್ಲೇ ಆ ವರ್ಷ 335 ಕೊಲೆಗಳಾಗಿ, 2018ರ ಜನವರಿಯಲ್ಲಿ ಅಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ರಸ್ತೆಗೆ ಸೈನ್ಯ ಇಳಿಸಬೇಕಾಯಿತು. ಸತ್ತವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸ್ಥಳೀಯರೇ. ಆದರೂ ಆ ದೇಶಕ್ಕೆ 2017ರಲ್ಲಿ ಕ್ರೂಸ್ ಹಡಗಿನವರೂ ಸೇರಿ ಸುಮಾರು 43 ಲಕ್ಷ ಪ್ರವಾಸಿಗರು ಬಂದರು. ಅಪರಾಧ ಹೆಚ್ಚಿದರೆ ಪ್ರವಾಸಿಗರು ಬರುವುದಿಲ್ಲ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಲು ಬಾರದಿರುವುದು ಇದಕ್ಕೇ. ಈ ಒಗಟು ಬಿಡಿಸುವ ಮೊದಲು ಸುದ್ದಿ ಹೇಗೆ ಹಣವನ್ನು ತಡೆಯುತ್ತದೆ ಎಂಬುದನ್ನು ನೋಡಬೇಕು.

ಸುದ್ದಿಯಿಂದ ರದ್ದತಿಯವರೆಗೆ

ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆಗೆ ಮಂಗನ ಕಾಯಿಲೆ ಕಾಣಿಸಿಕೊಂಡು ಜನ ಸತ್ತಾಗ ನಡೆದದ್ದನ್ನು ಇಲ್ಲಿಯವರು ಮರೆತಿಲ್ಲ. ಬೆಂಗಳೂರಿನಿಂದ ಬರುವವನಿಗೆ ಅರಳಗೋಡು ಯಾವುದು, ಆಗುಂಬೆ ಯಾವುದು, ಎರಡರ ನಡುವೆ ಎಷ್ಟು ಕಾಡು, ಎಷ್ಟು ದೂರ ಎಂಬುದು ಗೊತ್ತಿರುವುದಿಲ್ಲ. ಅವನ ಕಿವಿಗೆ ಬಿದ್ದದ್ದು ‘ಮಲೆನಾಡಿನಲ್ಲಿ ಮಂಗನ ಕಾಯಿಲೆ’ ಎಂಬ ಒಂದು ಸಾಲು. ಅಪರಾಧದ ಸುದ್ದಿಯೂ ಹೀಗೆಯೇ ಊರುಗಳ ಗಡಿ ಅಳಿಸಿಕೊಂಡು ಪ್ರಯಾಣ ಮಾಡುತ್ತದೆ. ಕೆರಿಬಿಯನ್‌ನ ಒಂದು ದ್ವೀಪದಲ್ಲಿ ಗುಂಡು ಹಾರಿದರೆ, ಸಾವಿರ ಕಿಲೋಮೀಟರ್ ಆಚೆಯ ಇನ್ನೊಂದು ದ್ವೀಪದ ಹೋಟೆಲಿಗೆ “ಅಲ್ಲಿ ಎಲ್ಲ ಸರಿಯಿದೆಯೇ” ಎಂಬ ಕರೆ ಹೋಗುತ್ತದೆ. ಥಾಯ್ಲೆಂಡಿನ ಕೊ ಟಾವೊ ಎಂಬ ಪುಟ್ಟ ದ್ವೀಪದಲ್ಲಿ 2014ರಲ್ಲಿ ಇಬ್ಬರು ಬ್ರಿಟಿಷ್ ಪ್ರವಾಸಿಗರ ಕೊಲೆಯಾದ ಮೇಲೆ ಬ್ರಿಟನ್ನಿನ ಪತ್ರಿಕೆಗಳು ಅದಕ್ಕೆ ‘ಸಾವಿನ ದ್ವೀಪ’ ಎಂದೇ ಹೆಸರಿಟ್ಟುಬಿಟ್ಟವು.

ಭಯದ ಈ ಮಾತು ಸರ್ಕಾರಿ ಕಾಗದಕ್ಕೆ ಇಳಿದಾಗ ಅದಕ್ಕೆ ಪ್ರಯಾಣ ಸಲಹೆ ಎಂಬ ಹೆಸರು. ಅಮೆರಿಕದ ವಿದೇಶಾಂಗ ಇಲಾಖೆ 2018ರಿಂದ ಪ್ರತಿ ದೇಶಕ್ಕೂ ಒಂದರಿಂದ ನಾಲ್ಕರ ತನಕ ಅಂಕ ಕೊಡುತ್ತದೆ. ಒಂದು ಎಂದರೆ ಸಾಮಾನ್ಯ ಎಚ್ಚರ, ಎರಡು ಎಂದರೆ ಹೆಚ್ಚಿನ ಎಚ್ಚರ, ಮೂರು ಎಂದರೆ ಹೋಗಬೇಕೇ ಎಂದು ಮತ್ತೊಮ್ಮೆ ಯೋಚಿಸಿ, ನಾಲ್ಕು ಎಂದರೆ ಹೋಗಲೇಬೇಡಿ. 2024ರ ಜನವರಿಯಲ್ಲಿ ಆ ಇಲಾಖೆ ಜಮೈಕಾವನ್ನು ಮೂರರಲ್ಲೂ ಬಹಾಮಾಸನ್ನು ಎರಡರಲ್ಲೂ ಇಟ್ಟು ಎಚ್ಚರಿಕೆ ಹೊರಡಿಸಿದಾಗ ಎರಡೂ ದೇಶಗಳ ಸರ್ಕಾರಗಳು ತಮ್ಮ ಪ್ರವಾಸಿ ಪ್ರದೇಶಗಳು ಸುರಕ್ಷಿತವೆಂದು ಸಮಜಾಯಿಷಿ ಕೊಡಬೇಕಾಯಿತು.

ಈ ಕಾಗದಕ್ಕೆ ಅಷ್ಟು ಬೆಲೆ ಬರುವುದು ವಿಮೆಯಿಂದ. ಬ್ರಿಟನ್ ಸರ್ಕಾರ ಒಂದು ದೇಶಕ್ಕೆ ಹೋಗಬೇಡಿ ಎಂದು ಸಲಹೆ ನೀಡಿದರೆ ಅದನ್ನು ಮೀರಿ ಹೋದವರ ಪ್ರಯಾಣ ವಿಮೆ ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ. ವಿಮೆಯಿಲ್ಲದ ಗಿರಾಕಿಯನ್ನು ಕಳಿಸಲು ಟೂರ್ ಕಂಪನಿ ಒಪ್ಪುವುದಿಲ್ಲ. ಟೂರ್ ಕಂಪನಿ ಸೀಟು ಕಾಯ್ದಿರಿಸದಿದ್ದರೆ ವಿಮಾನ ಕಂಪನಿ ಆ ಮಾರ್ಗಕ್ಕೆ ವಿಮಾನ ಬಿಡುವುದಿಲ್ಲ. ಬೆಂಗಳೂರಿನಿಂದ ಬರುವ ರಾತ್ರಿ ಬಸ್ ನಿಂತರೆ ಹೋಂಸ್ಟೇಗೆ ಕಾರಿನಲ್ಲಾದರೂ ಒಂದಿಬ್ಬರು ಬಂದಾರು. ದ್ವೀಪಕ್ಕೆ ವಿಮಾನ ನಿಂತಿತೆಂದರೆ, ಭಯವೇ ಇಲ್ಲದವನೂ ಬರಲಾರ. ಒಮ್ಮೆ ಬೇರೆ ಕಡೆಗೆ ತಿರುಗಿಸಿದ ವಿಮಾನವನ್ನು ಕಂಪನಿಗಳು ಭಯ ತಣಿದ ಮಾತ್ರಕ್ಕೆ ಹಿಂದಕ್ಕೆ ತರುವುದಿಲ್ಲ, ಅಷ್ಟರಲ್ಲಿ ಆ ಬೇರೆ ಕಡೆಯ ವ್ಯಾಪಾರ ಕುದುರಿರುತ್ತದೆ.

ಕ್ರೂಸ್ ಹಡಗುಗಳಿಗಂತೂ ಇದು ಇನ್ನೂ ಸುಲಭ. ಹೋಟೆಲನ್ನು ಎತ್ತಿಕೊಂಡು ಹೋಗಲು ಬರುವುದಿಲ್ಲ, ಹಡಗು ಮಾತ್ರ ದಿಕ್ಕು ಬದಲಿಸಿದರೆ ಆಯಿತು. ಹೈಟಿ ದೇಶದ ಉತ್ತರ ಕರಾವಳಿಯ ಲಬಾಡಿ ಎಂಬ ಜಾಗವನ್ನು ಒಂದು ಕ್ರೂಸ್ ಕಂಪನಿ 1980ರ ದಶಕದಿಂದ ಗುತ್ತಿಗೆಗೆ ಪಡೆದು, ಬೇಲಿ ಹಾಕಿ, ತನ್ನ ಪ್ರಯಾಣಿಕರಿಗೆಂದೇ ಇಟ್ಟುಕೊಂಡಿತ್ತು. 2024ರಲ್ಲಿ ದೂರದ ರಾಜಧಾನಿಯಲ್ಲಿ ಗ್ಯಾಂಗುಗಳ ಹಾವಳಿ ಮಿತಿಮೀರಿದಾಗ ಬೇಲಿಯೊಳಗಿನ ಆ ಕಡಲ ತೀರಕ್ಕೂ ಹಡಗು ಬರುವುದು ನಿಂತಿತು.

ಗೋಡೆಯೊಳಗಿನ ಪ್ರವಾಸ

ಜಮೈಕಾದ ಒಗಟಿಗೆ ಉತ್ತರ ಈ ಬೇಲಿಯಲ್ಲೇ ಇದೆ. 2018ರಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಬ್ರಿಟನ್ ಸರ್ಕಾರ ತನ್ನ ಪ್ರವಾಸಿಗರಿಗೆ ಹಿಂತಿರುಗಿ ಬನ್ನಿ ಎಂದು ಹೇಳಲಿಲ್ಲ. ರೆಸಾರ್ಟಿನ ಒಳಗೇ ಇರಿ, ಹೊರಗೆ ಓಡಾಡುವುದನ್ನು ಕಡಿಮೆ ಮಾಡಿ ಎಂದಿತು. ಅಲ್ಲಿ ಹಾಗೆ ಒಳಗೇ ಇರಲು ಬೇಕಾದ್ದೆಲ್ಲ ದಶಕಗಳಿಂದ ಸಿದ್ಧವಾಗಿದೆ. ಊಟ, ಮದ್ಯ, ಈಜು, ಆಟ, ಸಂಗೀತ ಎಲ್ಲಕ್ಕೂ ಮುಂಗಡವಾಗಿ ಒಂದೇ ಹಣ ಕೊಟ್ಟು ಆವರಣದೊಳಗೆ ಇದ್ದುಬಿಡುವ ಈ ಪದ್ಧತಿಗೆ ‘ಆಲ್ ಇನ್‌ಕ್ಲೂಸಿವ್’ ಎನ್ನುತ್ತಾರೆ. ಅದರ ಅತ್ಯಂತ ಪ್ರಸಿದ್ಧ ಸರಣಿಗಳಲ್ಲಿ ಒಂದಾದ ಸ್ಯಾಂಡಲ್ಸ್ 1981ರಲ್ಲಿ ಶುರುವಾದದ್ದು ಇದೇ ಮಾಂಟೆಗೊ ಬೇಯಲ್ಲಿ.

ಮದುವೆ ಮನೆಯ ಲೆಕ್ಕದಲ್ಲಿ ಇದನ್ನು ನೋಡೋಣ. ಊರಿನಲ್ಲಿ ಮನೆಯ ಮುಂದೆ ಚಪ್ಪರ ಹಾಕಿ ಮದುವೆ ಮಾಡಿದರೆ ಬಾಳೆ ಎಲೆ ಪಕ್ಕದ ತೋಟದ್ದು, ಹಾಲು ಕೇರಿಯದ್ದು, ಅಡುಗೆ ಭಟ್ಟರು ಪಕ್ಕದ ಊರಿನವರು, ಬಂದ ನೆಂಟರು ಊರಿನ ಅಂಗಡಿಯಲ್ಲಿ ಬೀಡಾ ಹಾಕಿ, ಊರಿನ ಆಟೋ ಹತ್ತುತ್ತಾರೆ. ಅದೇ ಮದುವೆ ಬೆಂಗಳೂರಿನ ಕಂಪನಿಯೊಂದು ಗುತ್ತಿಗೆ ಹಿಡಿದ ಸಭಾಂಗಣದೊಳಗೆ ನಡೆದು, ತರಕಾರಿಯೂ ಬಡಿಸುವವರೂ ಅದೇ ಲಾರಿಯಲ್ಲಿ ಬಂದಿಳಿದರೆ, ಊರಿಗೆ ಉಳಿಯುವುದು ಗೇಟು ಕಾಯುವವನ ಸಂಬಳ ಮತ್ತು ಬೆಳಗ್ಗೆ ಗುಡಿಸಬೇಕಾದ ಎಲೆ. ಪ್ರವಾಸಿಗರು ಕೊಟ್ಟ ಹಣ ಸ್ಥಳೀಯವಾಗಿ ನಿಲ್ಲದೆ ವಿದೇಶಿ ಮಾಲೀಕರಿಗೆ, ವಿಮಾನ ಕಂಪನಿಗಳಿಗೆ, ಆಮದು ಸರಕಿಗೆ ಹರಿದುಹೋಗುವುದನ್ನು ಸೋರಿಕೆ ಎನ್ನುತ್ತಾರೆ. ಕೆರಿಬಿಯನ್‌ನಲ್ಲಿ ಈ ಸೋರಿಕೆ ಶೇ 80ರಷ್ಟಿದೆ ಎಂಬ ಅಂದಾಜನ್ನು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಉಲ್ಲೇಖಿಸಿದೆ. ಅಂದಾಜುಗಳು ದ್ವೀಪದಿಂದ ದ್ವೀಪಕ್ಕೆ ಬಹಳ ಬದಲಾಗುತ್ತವೆ, ಈ ಅಂಕಿಯನ್ನು ಮೇಲಿನ ಮಿತಿಯೆಂದು ಓದಿಕೊಳ್ಳುವುದೇ ಸರಿ. ಹೋಟೆಲಿನ ಬಾಗಿಲು ಹೊರಕ್ಕೆ ಮುಚ್ಚಿದಷ್ಟೂ ಸೋರಿಕೆ ಹೆಚ್ಚುತ್ತದೆ ಎಂಬುದರಲ್ಲಂತೂ ಅನುಮಾನವಿಲ್ಲ.

ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲಿದೆ. ಅಪರಾಧದ ಭಯದಿಂದ ಗೋಡೆ ಎತ್ತರವಾಗುತ್ತದೆ. ಪ್ರವಾಸಿಗರ ಸಂಖ್ಯೆ ಕುಸಿಯುವುದಿಲ್ಲ, ಸರ್ಕಾರದ ಪ್ರಕಟಣೆಗಳಲ್ಲಿ ದಾಖಲೆಯ ಆಗಮನ ಎಂದೇ ಬರುತ್ತದೆ. ಗೋಡೆಯ ಹೊರಗೆ ಮೀನು ಹುರಿದು ಮಾರುವವಳು, ಮರದ ಗೊಂಬೆ ಕೆತ್ತುವವನು, ನಾಲ್ಕು ಕೋಣೆಯ ಅತಿಥಿಗೃಹ ನಡೆಸುವ ಕುಟುಂಬ, ಲೈಸೆನ್ಸ್ ಪಡೆದ ಟ್ಯಾಕ್ಸಿಯವನು, ಇವರ ಗಲ್ಲಾ ಪೆಟ್ಟಿಗೆ ಮಾತ್ರ ಸದ್ದಿಲ್ಲದೆ ಖಾಲಿಯಾಗುತ್ತದೆ. ಆಗಮನದ ಅಂಕಿಯನ್ನಷ್ಟೇ ನೋಡುವವರಿಗೆ ಅಪರಾಧದ ಖರ್ಚು ಕಾಣಿಸದೇ ಹೋಗುವುದು ಹೀಗೆ. ಸಂಪಾದನೆಯ ದಾರಿ ಮುಚ್ಚಿದ ಬೀದಿಯಲ್ಲಿ ಹುಡುಗರನ್ನು ಗ್ಯಾಂಗಿಗೆ ಸೇರಿಸಿಕೊಳ್ಳುವುದು ಸುಲಭವಾಗುತ್ತದೆ. ಹಿಂಸೆ ಹೆಚ್ಚಿದ ಮೇಲೆ ಗೋಡೆ ಇನ್ನೊಂದು ಅಡಿ ಏರುತ್ತದೆ.

ಪ್ರವಾಸಿಗರ ಜೇಬೇ ಕಳ್ಳನಿಗೆ ಆಸೆ ಹುಟ್ಟಿಸುವುದೂ ಇದೆ. ಪರ ಊರಿನವನ ಕೈಯಲ್ಲಿ ನಗದು, ಕ್ಯಾಮೆರಾ ಇರುತ್ತದೆ, ದಾರಿ ಗೊತ್ತಿರುವುದಿಲ್ಲ, ವಾರದೊಳಗೆ ಹೊರಟುಹೋಗುತ್ತಾನೆ. ಎರಡು ವರ್ಷ ಬಿಟ್ಟು ನ್ಯಾಯಾಲಯದಲ್ಲಿ ಪ್ರಕರಣ ವಿಚಾರಣೆಗೆ ಬಂದಾಗ ಸಾಕ್ಷಿ ಹೇಳಲು ಸಮುದ್ರ ದಾಟಿ ಬರುವವರು ಕಡಿಮೆ.

ಖಾಲಿ ಕೋಣೆಯಾಚೆಯ ಖರ್ಚು

ಕಾವಲುಗಾರರ ಸಂಬಳ, ಸಿಸಿಟಿವಿ, ಕಬ್ಬಿಣದ ಸರಳು, ಏರಿದ ವಿಮೆ ಕಂತು ಇವೆಲ್ಲ ಉತ್ಪಾದನೆಗೆ ಏನನ್ನೂ ಸೇರಿಸದ ಖರ್ಚುಗಳು. ಸರ್ಕಾರದ ಕಡೆಯಲ್ಲಿ ಪೊಲೀಸು, ಜೈಲು, ಗುಂಡೇಟಿನ ಗಾಯಕ್ಕೆ ಆಸ್ಪತ್ರೆ ಎಂದು ಹೋಗುವ ಹಣ ಶಾಲೆಗೂ ರಸ್ತೆಗೂ ಹೋಗಬಹುದಾಗಿದ್ದ ಹಣವೇ. ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ದೇಶಗಳಿಗೆ ಅಪರಾಧದ ನೇರ ಖರ್ಚು ಜಿಡಿಪಿಯ ಸುಮಾರು ಶೇ 3.5ರಷ್ಟು ಎಂದು ಅಂತರ-ಅಮೆರಿಕನ್ ಅಭಿವೃದ್ಧಿ ಬ್ಯಾಂಕ್ ಲೆಕ್ಕ ಹಾಕಿದೆ. ಅದಕ್ಕೂ ಮೊದಲು, 2007ರಲ್ಲಿ, ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ಮಾದಕವಸ್ತು ಹಾಗೂ ಅಪರಾಧ ಕಚೇರಿ ಸೇರಿ ಹೊರತಂದ ವರದಿಯೊಂದು, ಜಮೈಕಾ ಮತ್ತು ಹೈಟಿ ತಮ್ಮ ಕೊಲೆ ಪ್ರಮಾಣವನ್ನು ಕೋಸ್ಟರಿಕಾದ ಮಟ್ಟಕ್ಕೆ ಇಳಿಸಿಕೊಂಡರೆ ತಲಾವಾರು ಬೆಳವಣಿಗೆ ದರ ವರ್ಷಕ್ಕೆ ಶೇ 5.4ರಷ್ಟು ಏರಬಹುದೆಂದು ಅಂದಾಜು ಮಾಡಿತ್ತು. ಓದಿದವರು, ಕೈಕಸುಬು ಗೊತ್ತಿದ್ದವರು ಊರು ಬಿಟ್ಟು ಹೋಗುವುದನ್ನು ಯಾವ ಪಟ್ಟಿಯಲ್ಲೂ ಸರಿಯಾಗಿ ಬರೆಯಲಾಗುವುದಿಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿ ಮುದುಕರಿಬ್ಬರೇ ಉಳಿದ ಮಲೆನಾಡಿನ ಮನೆಗಳನ್ನು ನೋಡಿದವರಿಗೆ ಅದರ ಬೆಲೆ ತಿಳಿಯುತ್ತದೆ, ಕಾರಣ ಬೇರೆಯಿದ್ದರೂ.

ಈ ಹಿಂಸೆಯ ಬೇರು ಬಹುಮಟ್ಟಿಗೆ ದ್ವೀಪದ ಹೊರಗೂ ಇದೆ. ದಕ್ಷಿಣ ಅಮೆರಿಕದ ಕೊಕೇನ್ ಉತ್ತರ ಅಮೆರಿಕ ಮತ್ತು ಯುರೋಪಿನ ಗಿರಾಕಿಗಳನ್ನು ತಲುಪುವ ದಾರಿಯಲ್ಲಿ ಕೆರಿಬಿಯನ್ ದ್ವೀಪಗಳು ಸಿಕ್ಕಿಕೊಂಡಿವೆ. ಅಲ್ಲಿ ಸಿಕ್ಕಿಬಿದ್ದು ಮೂಲ ಪತ್ತೆಯಾದ ಬಂದೂಕುಗಳಲ್ಲಿ ಬಹುಪಾಲು ಅಮೆರಿಕದಿಂದ ಬಂದವು. ತನ್ನ ಪ್ರಜೆಗಳಿಗೆ ಎಚ್ಚರಿಕೆ ಕೊಡುವ ದೇಶವೇ ಬಂದೂಕಿನ ಮೂಲವೂ ಆಗಿರುವುದು ಅಲ್ಲಿನ ನಾಯಕರ ಹಳೆಯ ದೂರು.

ಲಕ್ಷಕ್ಕೆ ಇಷ್ಟು ಎಂಬ ಅಂಕಿ

ಸಣ್ಣ ದ್ವೀಪಗಳ ಅಪರಾಧದ ಅಂಕಿಯನ್ನು ಓದುವಾಗ ಸ್ವಲ್ಪ ತಡೆದು ಓದಬೇಕು. 50,000 ಜನರ ದ್ವೀಪದಲ್ಲಿ ಒಂದು ವರ್ಷ ಎರಡು ಕೊಲೆಯಾದರೆ ಲಕ್ಷಕ್ಕೆ ನಾಲ್ಕು. ಮರುವರ್ಷ ಒಂದೇ ಜಗಳದಲ್ಲಿ ನಾಲ್ಕು ಜನ ಸತ್ತರೆ, ಬೇರೇನೂ ಬದಲಾಗದಿದ್ದರೂ, ‘ಕೊಲೆ ಪ್ರಮಾಣ ಇಮ್ಮಡಿ’ ಎಂಬ ತಲೆಬರಹ ಸಿದ್ಧ. ಇನ್ನೊಂದು ತೊಡಕೂ ಇದೆ. ಅರೂಬಾದ ಜನಸಂಖ್ಯೆ ಒಂದು ಲಕ್ಷ ಚಿಲ್ಲರೆ. ವರ್ಷಕ್ಕೆ ಅಲ್ಲಿಗೆ ಬಂದು ತಂಗುವವರು ಅದರ ಹತ್ತು ಪಟ್ಟಿಗೂ ಹೆಚ್ಚು. ಪ್ರವಾಸಿಗರ ಪರ್ಸು ಕಳುವಾದದ್ದು ಅಪರಾಧಗಳ ಎಣಿಕೆಗೆ ಸೇರುತ್ತದೆ, ಪ್ರವಾಸಿಗರ ತಲೆಗಳು ಮಾತ್ರ ಅದನ್ನು ಭಾಗಿಸುವ ಜನಸಂಖ್ಯೆಗೆ ಸೇರುವುದಿಲ್ಲ. ಇದಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆಗಳೆಂದರೆ ಅಪರಾಧ ದ್ವೀಪದ ಯಾವ ಭಾಗದಲ್ಲಿ, ಯಾವ ಹೊತ್ತಿನಲ್ಲಿ, ಯಾರ ಮೇಲೆ ನಡೆಯುತ್ತಿದೆ ಎಂಬುವು.

ಯಾರು ಎದ್ದರು, ಯಾರಿಗೆ ತಡವಾಯಿತು

ಬಾಲಿ ಬೇಗ ಎದ್ದಿತು. 2004ರಲ್ಲಿ ಅಲ್ಲಿಗೆ ಬಂದ ವಿದೇಶಿಯರ ಸಂಖ್ಯೆ 14 ಲಕ್ಷ ದಾಟಿ, ಸ್ಫೋಟಕ್ಕೆ ಹಿಂದಿನ ಮಟ್ಟವನ್ನೂ ಮೀರಿತು. ತಪ್ಪಿತಸ್ಥರು ಕೆಲವೇ ತಿಂಗಳಲ್ಲಿ ಸಿಕ್ಕಿಬಿದ್ದು ಬಹಿರಂಗ ವಿಚಾರಣೆ ನಡೆಯಿತು. ಹೋಟೆಲುಗಳು ದರ ಇಳಿಸಿದವು. ಜಾವಾದ ಕಡೆಯಿಂದ ಬರುವ ಸ್ವದೇಶಿ ಪ್ರವಾಸಿಗರು ಖಾಲಿ ಕೋಣೆಗಳನ್ನು ಒಂದಿಷ್ಟು ತುಂಬಿದರು. ದೇವಸ್ಥಾನದ ಉತ್ಸವಗಳಲ್ಲಿ ಕಾವಲು ನಿಲ್ಲುತ್ತಿದ್ದ, ಚೌಕುಳಿ ಬಟ್ಟೆ ಉಟ್ಟ ‘ಪೆಚಲಾಂಗ್’ ಎಂಬ ಊರ ಕಾವಲುಗಾರರು ಬೀದಿಗಳಲ್ಲೂ ಗಸ್ತು ತಿರುಗಿದರು. ಇದು ರೆಸಾರ್ಟಿನ ಗೋಡೆಗಿಂತ ಬೇರೆ ಬಗೆಯ ಕಾವಲು, ಏಕೆಂದರೆ ಇದರಲ್ಲಿ ಪ್ರವಾಸಿಗನೂ ಅಂಗಡಿಯವನೂ ಒಂದೇ ಬೀದಿಯಲ್ಲಿ ಇರುತ್ತಾರೆ. 2005ರ ಅಕ್ಟೋಬರಿನಲ್ಲಿ ಎರಡನೆಯ ಸಲ ಬಾಂಬ್ ಸಿಡಿದಾಗ ಸಂಖ್ಯೆ ಮತ್ತೆ ಇಳಿಯಿತು, ಮತ್ತೆ ಏರಿತು.

ಶ್ರೀಲಂಕಾಕ್ಕೆ ಅಂಥ ಬಿಡುವು ಸಿಗಲಿಲ್ಲ. 2018ರಲ್ಲಿ ಸುಮಾರು 440 ಕೋಟಿ ಡಾಲರ್ ಇದ್ದ ಪ್ರವಾಸೋದ್ಯಮದ ಗಳಿಕೆ 2019ರಲ್ಲಿ ಸುಮಾರು 360 ಕೋಟಿಗೆ ಇಳಿಯಿತು. ವೀಸಾ ಶುಲ್ಕ ಮನ್ನಾ ಮಾಡಿ, ಭಾರತದ ಪ್ರವಾಸಿಗರನ್ನು ಕರೆದು ಚೇತರಿಸಿಕೊಳ್ಳುವ ಹೊತ್ತಿಗೆ ಕೋವಿಡ್ ಬಂತು. ತೆರಿಗೆ ಕಡಿತ, ಹಳೆಯ ಸಾಲ, ಗೊಬ್ಬರದ ನೀತಿ ಎಲ್ಲ ಸೇರಿ 2022ರ ಏಪ್ರಿಲ್‌ನಲ್ಲಿ ಆ ದೇಶ ವಿದೇಶಿ ಸಾಲದ ಕಂತು ನಿಲ್ಲಿಸಿತು. ಈಸ್ಟರ್ ದಾಳಿಯೊಂದೇ ಅದಕ್ಕೆ ಕಾರಣವೆನ್ನುವುದು ತಪ್ಪಾಗುತ್ತದೆ, ಆದರೆ ಡಾಲರಿನ ಒರತೆ ಮೊದಲು ಬತ್ತಿದ್ದು ಆ ಏಪ್ರಿಲ್‌ನಲ್ಲಿ.

ಅಮೆರಿಕಕ್ಕೆ ಸೇರಿದ ವರ್ಜಿನ್ ದ್ವೀಪಗಳಲ್ಲಿ ಒಂದಾದ ಸೇಂಟ್ ಕ್ರೊಯ್‌ನ ಕತೆ ಇನ್ನೂ ಹಳೆಯದು. ಅಲ್ಲಿನ ಗಾಲ್ಫ್ ಮೈದಾನವೊಂದಕ್ಕೆ 1972ರ ಸೆಪ್ಟೆಂಬರ್ 6ರಂದು ನುಗ್ಗಿದ ಬಂದೂಕುಧಾರಿಗಳು ಎಂಟು ಜನರನ್ನು ಕೊಂದರು. ಮುಂದಿನ ಹಲವು ವರ್ಷ ಪ್ರವಾಸಿಗರು ಆ ದ್ವೀಪದಿಂದ ದೂರ ಉಳಿದರು, ಹೋಟೆಲುಗಳು ಮುಚ್ಚಿದವು, ಪಕ್ಕದ ಸೇಂಟ್ ಥಾಮಸ್ ಮುಂದಕ್ಕೆ ಹೋಯಿತು. ಮೈದಾನ ಈಗಲೂ ಇದೆ, ಹೆಸರು ಮಾತ್ರ ಬೇರೆ.

ದುರ್ಗಿಗುಡಿಯ ಆ ಅಪ್ಪ-ಮಗನ ವಿಷಯವನ್ನು ಏಜೆಂಟರಿಗೆ ಆಮೇಲೆ ಫೋನಿನಲ್ಲಿ ಕೇಳಿದೆ. ಟಿಕೆಟ್ ಆಗಿತ್ತು, ಬಾಲಿಗೆ. ವಿಮೆಯ ಹಾಳೆಯನ್ನು ಅಪ್ಪನೇ ಮನೆಗೆ ತೆಗೆದುಕೊಂಡು ಹೋಗಿ, ಸಣ್ಣ ಅಕ್ಷರವನ್ನೆಲ್ಲ ಮಗನಿಂದ ಗಟ್ಟಿಯಾಗಿ ಓದಿಸಿ, ಎರಡು ದಿನ ಬಿಟ್ಟು ರುಜು ಹಾಕಿಸಿ ಕಳಿಸಿದ್ದರಂತೆ.